ಸೈಕಲ್ ಕಳೆದ ಊರಲ್ಲಿ ಒಂದು ಪ್ಲೇಟ್ ಶಾವಿಗೆ!

ಇಟಲಿ ಹೋಟೆಲು ಅಂದ ಕೂಡಲೇ ನಮ್ಮ ಚಿತ್ರರಸಿಕರಿಗೆ ಏನು ನೆನಪಾಗುತ್ತೆ? ನನಗೆ ಗೊತ್ತು ಬಿಡಿ! 1972ರ 'ದಿ ಗಾಡ್‌ಫಾದರ್'. ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ ಒಂದು ಸಣ್ಣ ಇಟಾಲಿಯನ್ ಹೋಟೆಲು. ಒಂದು ಟೇಬಲ್ಲು, ಮೂರು ಜನ. ಅಲ್ ಪಚಿನೋ ಮೆಲ್ಲಗೆ ಎದ್ದು ಬಾತ್‌ರೂಮಿಗೆ ಹೋಗ್ತಾನೆ. ನೀರಿನ ಟ್ಯಾಂಕಿನ ಹಿಂದೆ ಕೈ ಹಾಕ್ತಾನೆ. ಪಿಸ್ತೂಲು! ವಾಪಸು ಬಂದು ಕೂರ್ತಾನೆ. ಹೊರಗೆ ರೈಲಿನ ಸದ್ದು ಜೋರಾಗುತ್ತೆ... ಢಂ! ಢಂ!

ಆ ಸೀನನ್ನು ಎಷ್ಟು ಸಲ ನೋಡಿದ್ದೀನೋ ಲೆಕ್ಕ ಇಲ್ಲ. ನೀವೂ ನೋಡಿರುತ್ತೀರಿ. ಆದರೆ ನಾನು ಈ ವಾರ ಹೇಳಹೊರಟಿರುವುದು ಬೇರೆ ಹೋಟೆಲಿನ ಕಥೆ. ಅಲ್ಲಿ ಪಿಸ್ತೂಲು ಇಲ್ಲ. ಮಾಫಿಯಾ ಇಲ್ಲ. ಬಿಲ್ಲು ಮಾತ್ರ ಇದೆ! ಆ ಬಿಲ್ಲಿನ ಮುಂದೆ ಕೂತಾಗ ನನಗೆ ಬಿದ್ದ ಏಟು ಗುಂಡಿನ ಏಟಿಗಿಂತ ಕಮ್ಮಿ ಏನಿರಲಿಲ್ಲ.

ಎಲ್ಲಿಯ ಹೋಟೆಲು ಅಂತೀರಾ? ಸಾಕ್ಷಾತ್ ರೋಮ್!

ಹೋದದ್ದು ಹ್ಯಾಗೆ?

"ಪಿಯುಸಿ ಅರ್ಧಕ್ಕೆ ಬಿಟ್ಟೋನು ರೋಮಿಗೆ ಹ್ಯಾಗಪ್ಪ ಹೋದ?" ಅಂತ ಕೇಳಬೇಡಿ. ನಮ್ಮ ಕನ್ನಡದ ಒಂದು ಚಿತ್ರದ ಯೂನಿಟ್ಟು ಎರಡು ಹಾಡು ತೆಗೆಯೋಕೆ ಇಟಲಿಗೆ ಹೊರಟಿತ್ತು. ಚಿತ್ರದ ಹೆಸರು ಬೇಡ, ನಿರ್ಮಾಪಕರ ಹೆಸರಂತೂ ಬೇಡವೇ ಬೇಡ. ಯಾಕೆ ಅಂತ ಮುಂದೆ ನಿಮಗೇ ಗೊತ್ತಾಗುತ್ತೆ. ಸುದ್ದಿ ಬರೆದು ಕಳಿಸೋಕೆ ಒಬ್ಬ ಬೇಕು, ಅವನೇ ಕಾಸ್ಟ್ಯೂಮ್ ಪೆಟ್ಟಿಗೆ ಹೊರುವುದಾದರೆ ಇನ್ನೂ ಒಳ್ಳೇದು, ಅಂತ ನನ್ನನ್ನು ಕರೆದುಕೊಂಡು ಹೋದರು. ಪೆನ್ನಿಗಿಂತ ಪೆಟ್ಟಿಗೆಯನ್ನೇ ಹೆಚ್ಚು ಹಿಡಿದೆ ಅನ್ನಿ.

ದಿನಕ್ಕೆ 30 ಯೂರೋ ಬಾಟಾ ಅಂದಿದ್ದರು. ಆರನೇ ದಿನಕ್ಕೆ ನನ್ನ ಕೈಗೆ ಬಂದದ್ದು ಒಟ್ಟು 50! ಊಟಕ್ಕೆ ತೊಂದರೆ ಇರಲಿಲ್ಲ, ಸುಳ್ಳು ಹೇಳಬಾರದು. ಯೂನಿಟ್ಟಿನ ಜೊತೆ ನಮ್ಮೂರ ಅಡುಗೆಯವರೇ ಬಂದಿದ್ದರು. ರೋಮಿನ ಹೊರಗೆ ಒಂದು ಬಾಡಿಗೆ ಮನೆ, ಅದರಲ್ಲಿ ಎರಡು ಕುಕ್ಕರು. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ಸಾರು, ರಾತ್ರಿ ಅನ್ನ ಸಾರು. ಆರು ದಿನ ಇಟಲಿಯಲ್ಲಿದ್ದೂ ಇಟಲಿ ಊಟದ ವಾಸನೆ ನೋಡಿರಲಿಲ್ಲ!

ಏಳನೇ ದಿನ ಭಾನುವಾರ. ಏಪ್ರಿಲ್ ತಿಂಗಳು. ನಾಯಕಿಗೆ ಜ್ವರ, ಶೂಟಿಂಗಿಗೆ ರಜ. ಹುಡುಗರೆಲ್ಲ ಸಿಟಿ ನೋಡೋಕೆ ಹೊರಟರು. ನಾನು ಮಾತ್ರ ಜೇಬಲ್ಲಿ 32 ಯೂರೋ ಇಟ್ಟುಕೊಂಡು ಒಬ್ಬನೇ ಬೇರೆ ದಾರಿ ಹಿಡಿದೆ. ನನಗೆ ನೋಡಬೇಕಿದ್ದದ್ದು ಸೈಕಲ್ ಕಳೆದುಹೋದ ರೋಮು!

ಅಪ್ಪ, ಮಗ, ಒಂದು ಸೈಕಲ್ಲು

ವಿತ್ತೋರಿಯೋ ದೆ ಸಿಕಾ 1948ರಲ್ಲಿ ತೆಗೆದ 'ಬೈಸಿಕಲ್ ಥೀವ್ಸ್' ಚಿತ್ರದ ಹೆಸರು ಕೇಳದ ಚಿತ್ರರಸಿಕ ಇರಲಾರ. ಕೇಳಿದವರಲ್ಲಿ ಎಷ್ಟು ಜನ ನೋಡಿದ್ದೀರಿ? ನಿಜ ಹೇಳಿ! "ಅವಾರ್ಡ್ ಪಿಕ್ಚರ್ರು, ನಿದ್ದೆ ಬರುತ್ತೆ" ಅಂತ ಬಿಟ್ಟಿರುತ್ತೀರಿ. ನಾನೂ ಬಿಟ್ಟಿದ್ದೆ.

ಕಥೆ ಎರಡೇ ಸಾಲು. ಕೆಲಸವಿಲ್ಲದ ಆಂತೋನಿಯೋಗೆ ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸ ಸಿಗುತ್ತೆ, ಆದರೆ ಸೈಕಲ್ ಬೇಕೇ ಬೇಕು. ಹೆಂಡತಿ ಹಾಸಿಗೆಯ ಬಟ್ಟೆಗಳನ್ನು ಅಡವಿಟ್ಟು ಸೈಕಲ್ ಬಿಡಿಸಿಕೊಡ್ತಾಳೆ. ಮೊದಲ ದಿನವೇ ಕಳ್ಳ ಹೊಡೆದುಬಿಡ್ತಾನೆ! ಆಮೇಲೆ ಅಪ್ಪ ಮತ್ತು ಪುಟ್ಟ ಮಗ ಬ್ರೂನೋ ಇಡೀ ರೋಮನ್ನು ಹುಡುಕಿಕೊಂಡು ಅಲೀತಾರೆ. ಅಷ್ಟೇ ಕಥೆ.

ಆಂತೋನಿಯೋ ಪಾತ್ರಧಾರಿ ಲಾಂಬೆರ್ತೋ ಮಜ್ಜೊರಾನಿ ನಟನೇ ಅಲ್ಲ, ಕಾರ್ಖಾನೆಯ ಕೆಲಸಗಾರ. ಹಾಲಿವುಡ್ಡಿನ ದೊಡ್ಡ ನಿರ್ಮಾಪಕ ಡೇವಿಡ್ ಸೆಲ್ಜ್ನಿಕ್ "ಕ್ಯಾರಿ ಗ್ರಾಂಟ್‌ನನ್ನು ಹಾಕಿಕೊಂಡರೆ ದುಡ್ಡು ಕೊಡ್ತೀನಿ" ಅಂದರೂ ದೆ ಸಿಕಾ ಒಪ್ಪಲಿಲ್ಲ. ಆದರೆ ಮಜ್ಜೊರಾನಿಯ ಗತಿ ಏನಾಯ್ತು ಗೊತ್ತಾ? ಚಿತ್ರ ಲೋಕಪ್ರಸಿದ್ಧವಾಯ್ತು, ಅವನ ಕಾರ್ಖಾನೆ ಕೆಲಸ ಹೋಯ್ತು! ಪಾಪ! ಬ್ರೂನೋ ಆಗಿದ್ದ ಎನ್‌ತ್ಸೋ ಸ್ತಾಯೋಲಾ 2025ರಲ್ಲಿ, ತನ್ನ 85ನೇ ವಯಸ್ಸಿನಲ್ಲಿ ತೀರಿಕೊಂಡ.

ನಮ್ಮ ದೇಶಕ್ಕೂ ಈ ಚಿತ್ರಕ್ಕೂ ನಂಟಿದೆ. 1950ರಲ್ಲಿ ಲಂಡನ್ನಿನಲ್ಲಿ ಇದನ್ನು ನೋಡಿಯೇ ಸತ್ಯಜಿತ್ ರಾಯ್ 'ಪಥೇರ್ ಪಾಂಚಾಲಿ' ತೆಗೆಯುವ ಮನಸ್ಸು ಗಟ್ಟಿ ಮಾಡಿಕೊಂಡದ್ದು. 1952ರಲ್ಲಿ ನಮ್ಮ ದೇಶದ ಮೊದಲ ಅಂತಾರಾಷ್ಟ್ರೀಯ ಚಿತ್ರೋತ್ಸವಕ್ಕೆ ಈ ಚಿತ್ರ ಬಂತು. ಮರುವರ್ಷವೇ ಬಿಮಲ್ ರಾಯ್ ಅವರ 'ದೋ ಬೀಘಾ ಜಮೀನ್' ತೆರೆಗೆ ಬಂತು. ಅಲ್ಲೂ ಅಪ್ಪ, ಮಗ, ದೊಡ್ಡ ಊರು!

ಆದರೆ ನನಗೆ ಈ ಚಿತ್ರ ಹಿಡಿದದ್ದು ಚರಿತ್ರೆಗಾಗಿ ಅಲ್ಲ. ಒಂದು ಹೋಟೆಲ್ ಸೀನಿಗಾಗಿ.

ಕೆನ್ನೆಗೆ ಏಟು, ಹೊಟ್ಟೆಗೆ ಊಟ

ಸೈಕಲ್ ಸಿಗದ ಸಿಟ್ಟಿನಲ್ಲಿ ಅಪ್ಪ ಬ್ರೂನೋನ ಕೆನ್ನೆಗೆ ಒಂದು ಬಾರಿಸಿಬಿಡ್ತಾನೆ. ಹುಡುಗ ಮುನಿಸಿಕೊಂಡು ದೂರ ದೂರ ನಡೀತಾನೆ. ಅಷ್ಟರಲ್ಲಿ ನದಿಯ ಹತ್ತಿರ ಕೂಗಾಟ, ಯಾರೋ ಹುಡುಗ ಮುಳುಗಿದ ಅಂತ! ಅಪ್ಪನ ಎದೆ ಧಸಕ್ಕೆನ್ನುತ್ತೆ. ಓಡ್ತಾನೆ. ಅದು ತನ್ನ ಮಗ ಅಲ್ಲ. ಮಗ ಮೆಟ್ಟಿಲ ಮೇಲೆ ಕೂತಿದ್ದಾನೆ. ಆಗ ಅಪ್ಪ ಜೇಬು ಮುಟ್ಟಿ ನೋಡಿಕೊಂಡು ಮಗನನ್ನು ಹೋಟೆಲಿಗೆ ಕರೀತಾನೆ.

ಒಳಗೆ ಹಾಡು, ವಾದ್ಯ. ಪಕ್ಕದ ಟೇಬಲ್ಲಿನಲ್ಲಿ ಶ್ರೀಮಂತರ ಸಂಸಾರ. ಆ ಮನೆಯ ಹುಡುಗ ಫೋರ್ಕು ಚಾಕು ಹಿಡಿದು ತಟ್ಟೆ ಮೇಲೆ ತಟ್ಟೆ ಮುಗಿಸ್ತಾ ತಿರುಗಿ ತಿರುಗಿ ಬ್ರೂನೋನನ್ನು ನೋಡ್ತಾನೆ. ನಮ್ಮ ಬ್ರೂನೋ ಕರಿದ ಬ್ರೆಡ್ಡಿನಿಂದ ಚೀಸನ್ನು ಉದ್ದಕ್ಕೆ ಎಳೆದು ಎಳೆದು ತಿಂತಾನೆ. ಅಪ್ಪನೂ ಒಂದು ಗಳಿಗೆ ಖುಷಿಯಾಗಿರ್ತಾನೆ. ಆಮೇಲೆ ಕಾಗದ, ಪೆನ್ಸಿಲ್ಲು! ಆ ಕೆಲಸ ಉಳಿದಿದ್ದರೆ ತಿಂಗಳಿಗೆ ಎಷ್ಟು ಬರ್ತಿತ್ತು ಅಂತ ಊಟದ ಟೇಬಲ್ಲಿನ ಮೇಲೆ ಮಗನ ಕೈಲಿ ಲೆಕ್ಕ ಹಾಕಿಸ್ತಾನೆ. ಬ್ರೂನೋನ ಬಾಯಲ್ಲಿದ್ದ ತುತ್ತು ಅಲ್ಲೇ ನಿಲ್ಲುತ್ತೆ.

ಬೆಂಗಳೂರಿನ ಒಂದು ಫಿಲ್ಮ್ ಸೊಸೈಟಿಯಲ್ಲಿ ಈ ಸೀನು ಬಂದಾಗ ನಾನು ಎದ್ದು ಹೊರಗೆ ಹೋಗಿಬಿಟ್ಟೆ. ಯಾಕೆ ಅಂದ್ರೆ...

ನಮ್ಮೂರು ತಿಪಟೂರು. ಅಪ್ಪ ಕೊಬ್ಬರಿ ಮಾರುಕಟ್ಟೆಯಲ್ಲಿ ಹಮಾಲಿ. ಸೆಕೆಂಡ್ ಪಿಯುಸಿ ಪರೀಕ್ಷೆ ಫೀಸು ಕಟ್ಟು ಅಂತ ಅಪ್ಪ ಕೊಟ್ಟ ದುಡ್ಡಲ್ಲಿ ನಾನು ರೈಲು ಹತ್ತಿ ಬೆಂಗಳೂರಿಗೆ ಹೋಗಿ ನಮ್ಮ ಹೀರೋನ ಹೊಸ ಪಿಕ್ಚರ್ರು, ಫಸ್ಟ್ ಡೇ ಫಸ್ಟ್ ಶೋ ನೋಡಿದ್ದೆ. ಹಾಲು ಹುಯ್ದೆ, ಪಟಾಕಿ ಹೊಡೆದೆ, ಶಿಳ್ಳೆ ಹಾಕಿ ಗಂಟಲು ಕಟ್ಟಿಸಿಕೊಂಡೆ. ರಾತ್ರಿ ತಿಪಟೂರು ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಅಪ್ಪ ನಿಂತಿದ್ದ. ಕಾಲೇಜಿನೋರು ಹೇಳಿದ್ದರಂತೆ. ಎಲ್ಲರ ಮುಂದೆ ಕೆನ್ನೆಗೆ ಬಿತ್ತು.

ಅಪ್ಪ ಬೈಯಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಹಾಗೇ ನಿಂತಿದ್ವಿ. ಆಮೇಲೆ ಕೇಳಿದ: "ಉಂಡ್ಯಾ?"

ಮಾರ್ಕೆಟ್ಟಿನ ಹಿಂದಿನ ಮಿಲಿಟರಿ ಹೋಟೆಲಿಗೆ ಕರೆದುಕೊಂಡು ಹೋದ. ನನಗೆ ಎರಡು ಮುದ್ದೆ, ಬೋಟಿ ಗೊಜ್ಜು. ತಾನು ಒಂದು ಟೀ. "ನಂಗೆ ಹಸಿವಿಲ್ಲ, ನೀನ್ ಉಣ್ಣು" ಅಂದ. ನಾನು ಉಂಡೆ ನೋಡಿ, ನಾಚಿಕೆ ಇಲ್ಲದೆ! ಕೈ ತೊಳೆದು ಬಂದಾಗ ಅಪ್ಪ ಗಲ್ಲಾದ ಹತ್ತಿರ ನನಗೆ ಬೆನ್ನು ತಿರುಗಿಸಿಕೊಂಡು ಚಿಲ್ಲರೆ ಎಣಿಸ್ತಿದ್ದ. ಆ ಬೆನ್ನು ನನಗೆ ಇವತ್ತಿಗೂ ಕಾಣುತ್ತೆ. ಫೀಸು ಕಟ್ಟುವ ಕೊನೇ ದಿನ ಕಳೆದುಹೋಗಿತ್ತು. ಕಾಲೇಜಿಗೆ ನಾನು ಮತ್ತೆ ಹೋಗಲಿಲ್ಲ.

ಅದಕ್ಕೇ ರೋಮಿಗೆ ಬಂದವನು ಕೊಲೋಸಿಯಮ್ಮು ಬಿಟ್ಟು ಬ್ರೂನೋ ಊಟ ಮಾಡಿದಂಥ ಒಂದು ಹೋಟೆಲು ಹುಡುಕಿಕೊಂಡು ಹೊರಟದ್ದು.

ಸಂತೆಯಿಂದ ಹೋಟೆಲಿಗೆ

ಚಿತ್ರದಲ್ಲಿ ಅಪ್ಪ ಮಗ ಹುಡುಕುವುದೂ ಭಾನುವಾರವೇ. ಮಳೆಯಲ್ಲಿ ನೆನೆದುಕೊಂಡು ಪೋರ್ತಾ ಪೋರ್ತೇಸೆ ಸಂತೆಗೆ ಬರ್ತಾರಲ್ಲ, ಆ ಸಂತೆ ಈಗಲೂ ಭಾನುವಾರ ಬೆಳಿಗ್ಗೆ ನಡೆಯುತ್ತೆ! ಹಳೇ ಬಟ್ಟೆ, ಹಳೇ ರೆಕಾರ್ಡು, ಬೀಗ, ಬಲ್ಬು. ನಮ್ಮ ಚೋರ್ ಬಜಾರಿಗೆ ಬಂದ ಹಾಗೇ ಆಯ್ತು. ಒಂದು ಕಡೆ ಸೈಕಲ್ಲಿನ ಚಕ್ರಗಳೂ ಇದ್ದವು. ಸುಮ್ಮನೆ ಒಂದನ್ನು ಮುಟ್ಟಿ ನೋಡಿದೆ. ಅಂಗಡಿಯವನು ಬೆಲೆ ಹೇಳಿದ. ನಾನು ಜಾಗ ಬಿಟ್ಟೆ!

ಪಕ್ಕದಲ್ಲೇ ತೀಬರ್ ನದಿ. ಸೇತುವೆ ದಾಟಿದರೆ ಟೆಸ್ಟಾಚ್ಚೋ ಅನ್ನುವ ಪೇಟೆ. ನಾಲ್ಕೈದು ಅಂತಸ್ತಿನ ಹಳೇ ವಠಾರಗಳು, ಕಿಟಕಿಯಲ್ಲಿ ಒಣಗುವ ಬಟ್ಟೆ. ಹತ್ತಿರದಲ್ಲೇ ಸುಮಾರು 35 ಮೀಟರ್ ಎತ್ತರದ ಒಂದು ಗುಡ್ಡ. ಮಣ್ಣಿನ ಗುಡ್ಡ ಅಂದ್ಕೊಂಡ್ರಾ? ಅಲ್ಲ. ರೋಮನ್ ಚಕ್ರವರ್ತಿಗಳ ಕಾಲದಲ್ಲಿ ಎಣ್ಣೆ ತುಂಬಿ ತಂದ ಮಣ್ಣಿನ ಗಡಿಗೆಗಳನ್ನು ಒಡೆದು ಪೇರಿಸಿದ ಗುಡ್ಡ! ತಿನ್ನೋದು ಕುಡಿಯೋದು ಈ ಪೇಟೆಗೆ ಅಂದಿನಿಂದಲೂ ಬಂದದ್ದು ಅನ್ನಿ.

ಇಲ್ಲಿ ಸುಮಾರು 1890ರಿಂದ 1975ರವರೆಗೆ ರೋಮಿನ ದೊಡ್ಡ ಕಸಾಯಿಖಾನೆ ಇತ್ತು. ಒಳ್ಳೇ ಮಾಂಸವೆಲ್ಲ ದೊಡ್ಡವರ ಮನೆಗೆ. ಕೆಲಸಗಾರರಿಗೆ ಕೂಲಿಯ ಜೊತೆ ಉಳಿದದ್ದು... ಬಾಲ, ಕರುಳು, ಹೊಟ್ಟೆ, ತಲೆ. ಅದಕ್ಕೆ ಅವರು ಇಟ್ಟ ಹೆಸರು 'ಐದನೇ ಕಾಲುಭಾಗ'! ಪ್ರಾಣಿಯನ್ನು ನಾಲ್ಕು ಭಾಗ ಮಾಡಿ ಮಾರಿದ ಮೇಲೆ ಉಳಿಯೋದು ಐದನೇದು ತಾನೇ? ಆ ಐದನೇದನ್ನೇ ಗಂಟೆಗಟ್ಟಲೆ ಬೇಯಿಸಿ ಬೇಯಿಸಿ ಈ ಪೇಟೆಯ ಹೆಂಗಸರು, ಹೋಟೆಲಿನವರು ರುಚಿ ಮಾಡಿದರು. ಎತ್ತಿನ ಬಾಲದ ಸಾರು ಈಗ ರೋಮಿನ ಹೆಸರುವಾಸಿ ಅಡುಗೆ. ನಮ್ಮ ಬೋಟಿ ಗೊಜ್ಜು, ಕಾಲು ಸೂಪು, ತಲೆಮಾಂಸದ ಕಥೆ ಇದೇ ಅಲ್ಲವೇ? ಓದಿ ನನಗಂತೂ ತಿಪಟೂರಿನ ಆ ರಾತ್ರಿಯೇ ಕಣ್ಮುಂದೆ ಬಂತು.

ಹೋಟೆಲು ಆರಿಸೋದಕ್ಕೆ ನಾನು ಇಟ್ಟುಕೊಂಡ ನಿಯಮ ಒಂದೇ: ಬಾಗಿಲಲ್ಲಿ ಊಟದ ಬಣ್ಣದ ಫೋಟೋ ಹಾಕಿಕೊಂಡು "ಬನ್ನಿ ಬನ್ನಿ" ಅಂತ ಕರೆಯುವ ಕಡೆ ಹೋಗಬಾರದು. ಒಂದು ಅಡ್ಡರಸ್ತೆಯಲ್ಲಿ ಸಿಕ್ಕಿತು. ಹನ್ನೆರಡು ಟೇಬಲ್ಲು. ಮೇಲೆ ಕಾಗದದ ಹಾಸು. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಇವತ್ತಿನ ಅಡುಗೆ. ಇಂಥ ಮನೆಮಟ್ಟದ ಹೋಟೆಲಿಗೆ ಅಲ್ಲಿ 'ಟ್ರಾಟೋರಿಯಾ' ಅಂತಾರೆ. ನಮ್ಮ ಮೆಸ್ಸು, ಖಾನಾವಳಿ ಇದ್ದ ಹಾಗೆ.

ಗೋಡೆಯ ಮೇಲೆ ನಮ್ಮಂಥವನೇ!

ಒಳಗೆ ಕಾಲಿಟ್ಟರೆ ಎದುರಿಗೇ ಒಂದು ಕಪ್ಪು ಬಿಳುಪು ಫೋಟೋ. ಟೋಪಿ ತಿರುಗಿಸಿ ಹಾಕಿಕೊಂಡ ಹುಡುಗ, ಬಾಯಿ ತುಂಬಾ ಸ್ಪಾಗೆಟಿ, ಕಣ್ಣು ಇಷ್ಟಗಲ. ಆಲ್ಬೆರ್ತೋ ಸೋರ್ದಿ! ಆಟೋ ಹಿಂದೆ ಶಂಕರ್‌ನಾಗ್, ಹೋಟೆಲಿನ ಗೋಡೆಯಲ್ಲಿ ನಮ್ಮ ಅಣ್ಣಾವ್ರು ಹ್ಯಾಗೋ ಹಾಗೆ ರೋಮಿನ ಹೋಟೆಲುಗಳಲ್ಲಿ ಈ ಫೋಟೋ. ಸೋರ್ದಿ ಹುಟ್ಟಿದ್ದು 1920ರಲ್ಲಿ, ನದಿಯ ಆಚೆ ದಡದ ಟ್ರಾಸ್ತೇವೆರೆಯಲ್ಲಿ. 2003ರಲ್ಲಿ ತೀರಿಕೊಂಡಾಗ ರೋಮಿಗೆ ರೋಮೇ ಬೀದಿಗೆ ಬಂದು ಅತ್ತಿತು.

ಫೋಟೋ 1954ರ 'ಅನ್ ಅಮೆರಿಕಾನೋ ಎ ರೋಮಾ' ಚಿತ್ರದ್ದು. ನಾಯಕ ಸಿನಿಮಾ ಹುಚ್ಚಿನ ಹುಡುಗ. ಅಮೆರಿಕನ್ ಪಿಕ್ಚರ್ ನೋಡಿ ನೋಡಿ ತಾನೇ ಅಮೆರಿಕದವನು ಅಂದುಕೊಂಡವನು. ನಡಿಗೆ, ಮಾತು, ಬಟ್ಟೆ ಎಲ್ಲ ನಕಲು! ಒಂದು ರಾತ್ರಿ ಮನೆಗೆ ಬಂದರೆ ಅವ್ವ ತಟ್ಟೆಯಲ್ಲಿ ಮಕರೋನಿ ಹಾಕಿಟ್ಟಿದ್ದಾಳೆ. "ಛೀ, ಅಮೆರಿಕದವರು ಇದನ್ನೆಲ್ಲ ತಿನ್ನಲ್ಲ" ಅಂತ ಪಕ್ಕಕ್ಕೆ ತಳ್ಳಿ ಬ್ರೆಡ್ಡು, ಜಾಮು, ಮೊಸರು, ಸಾಸಿವೆ, ಹಾಲು ಎಲ್ಲ ಕಲಸಿ ಬಾಯಿಗೆ ಹಾಕ್ಕೋತಾನೆ. ಥೂ! ಆಮೇಲೆ ಅದನ್ನೆಲ್ಲ ಪಕ್ಕಕ್ಕೆ ಬಿಸಾಕಿ, ವಿಲನ್ನಿಗೆ ಸವಾಲು ಹಾಕುವ ಹಾಗೆ ಮಕರೋನಿಗೇ ಸವಾಲು ಹಾಕಿ ಗಬಗಬ ತಿಂತಾನೆ. ಎಷ್ಟೇ ಹೀರೋ ಆದರೂ ಹೊಟ್ಟೆಗೆ ಬೇಕಾದ್ದು ಅವ್ವ ಮುಚ್ಚಿಟ್ಟ ತಟ್ಟೆಯೇ! ನಮ್ಮ ನಿಮ್ಮ ಕಥೆ ಅಲ್ಲದೆ ಇನ್ನೇನು?

"ಪಿಜ್ಜಾ ಇಲ್ಲಪ್ಪ!"

ಅರವತ್ತರ ಆಸುಪಾಸಿನ ಸರ್ವರ್ ಬಂದ. ನಾನು ಗತ್ತಿನಿಂದ "ಪಿಜ್ಜಾ" ಅಂದೆ. ಆತ ಕೈ ಬೀಸಿ, ತಲೆ ಆಡಿಸಿ, ಪಟಪಟ ಏನೋ ಹೇಳಿದ. ನನಗೆ ಅರ್ಥವಾದದ್ದು ಎರಡೇ ಪದ: ಟ್ರಾಟೋರಿಯಾ, ಪಿಜ್ಜೇರಿಯಾ. ತಕ್ಷಣ ನನಗೆ ನಗು ಉಕ್ಕಿ ಬಂತು. ಯಾಕೆ ಗೊತ್ತಾ? ಚಿತ್ರದಲ್ಲಿ ಬ್ರೂನೋನ ಅಪ್ಪನೂ ಪಿಜ್ಜಾ ಕೇಳ್ತಾನೆ, ಅಲ್ಲಿಯ ಸರ್ವರ್ರೂ ಇದೇ ಉತ್ತರ ಕೊಡ್ತಾನೆ! ಪಿಜ್ಜಾ ಹೋಟೆಲೇ ಬೇರೆ, ಊಟದ ಹೋಟೆಲೇ ಬೇರೆ. ದೋಸೆ ಕ್ಯಾಂಪಿಗೆ ಹೋಗಿ ಮುದ್ದೆ ಕೇಳಿದ ಹಾಗೆ!

"ಮೊಜರೆಲ್ಲಾ ಇನ್ ಕರೋತ್ಸಾ?" ಅಂದೆ. ಬ್ರೂನೋ ತಿಂದದ್ದು ಅದೇ. ಎರಡು ಬ್ರೆಡ್ಡಿನ ನಡುವೆ ಮೊಜರೆಲ್ಲಾ ಚೀಸ್ ಇಟ್ಟು, ಮೊಟ್ಟೆಯಲ್ಲಿ ಅದ್ದಿ ಕರಿದದ್ದು. ಹೆಸರಿನ ಅರ್ಥ 'ಗಾಡಿಯಲ್ಲಿ ಕೂತ ಮೊಜರೆಲ್ಲಾ'. ಅದೂ ಇಲ್ಲ! ನನ್ನ ಪೆಚ್ಚು ಮುಖ ನೋಡಿ ಸರ್ವರ್ ಅಡುಗೆಮನೆಯತ್ತ ಕೂಗಿದ. ಏಪ್ರನ್ ಕಟ್ಟಿಕೊಂಡ ಒಬ್ಬ ಹುಡುಗ ಹೊರಗೆ ಬಂದ. "ಇಂಡಿಯಾ ಸೇ?"

ಬಾಂಗ್ಲಾದೇಶದವನು! ರೋಮಿನ ಎಷ್ಟೋ ಹೋಟೆಲುಗಳ ಅಡುಗೆಮನೆಯಲ್ಲಿ ಈಗ ಬಾಂಗ್ಲಾದ ಹುಡುಗರಿದ್ದಾರೆ. ಹಿಂದಿ ಪಿಕ್ಚರ್ ನೋಡಿ ಕಲಿತ ಹಿಂದಿ ಅವನದು, ನನ್ನದೂ ಅಷ್ಟೇ. ಇಬ್ಬರ ಹಿಂದಿಯೂ ಸರಿಯಾಗಿ ಹೊಂದಿಕೊಂಡಿತು! "ಭಾಯ್, ಹೆಚ್ಚು ದುಡ್ಡಿಲ್ಲ" ಅಂತ ನಿಜ ಹೇಳಿಬಿಟ್ಟೆ. "ಕಾಚೋ ಎ ಪೆಪೆ ತಗೋ, ಅರ್ಧ ಪ್ಲೇಟು. ಈಗ ಆರ್ಟಿಚೋಕ್ ಸೀಸನ್ನು, ಅದೊಂದು ತಗೋ" ಅಂದ.

ಅರ್ಧ ಪ್ಲೇಟು! ಮತ್ತೆ ಒಂದು ಪಿಕ್ಚರ್ರು ನೆನಪಾಯ್ತು, ಏನು ಮಾಡೋದು? ಎತ್ತೋರೆ ಸ್ಕೋಲಾ 1974ರಲ್ಲಿ ಮೂವರು ಗೆಳೆಯರ ಮೇಲೆ ಒಂದು ಚಿತ್ರ ತೆಗೆದ. ಅವರು ಸೇರುವ ಹೋಟೆಲಿನ ಹೆಸರೇ 'ಅರ್ಧ ಪ್ಲೇಟಿನ ರಾಜ'! ಮೂವರಲ್ಲಿ ಒಬ್ಬ ಮೇಷ್ಟ್ರು. 'ಬೈಸಿಕಲ್ ಥೀವ್ಸ್' ಚಿತ್ರದ ಪರವಾಗಿ ಜಗಳವಾಡಿ ಕೆಲಸ ಕಳೆದುಕೊಂಡು, ಹೆಂಡತಿ ಮಗನನ್ನು ಬಿಟ್ಟು, ಸಿನಿಮಾ ಬಗ್ಗೆ ಬರೆಯೋಕೆ ರೋಮಿಗೆ ಬರ್ತಾನೆ. ಟೀವಿ ಕ್ವಿಜ್ಜಿನಲ್ಲಿ ಕೊನೇ ಪ್ರಶ್ನೆ: ಬ್ರೂನೋ ಅತ್ತದ್ದು ಯಾಕೆ? ಇವನು ಹೇಳ್ತಾನೆ, ದೆ ಸಿಕಾ ಹುಡುಗನ ಜೇಬಿಗೆ ಸಿಗರೇಟಿನ ತುಂಡು ಹಾಕಿ "ಕದ್ದೆಯಾ?" ಅಂತ ಹೀಯಾಳಿಸಿ ಅಳಿಸಿದ್ದು ಅಂತ. ಉತ್ತರ ತಪ್ಪು ಅಂತ ಸೋಲಿಸ್ತಾರೆ. ಆಮೇಲೆ ಒಂದು ದಿನ ದೆ ಸಿಕಾ ಬಾಯಿಂದಲೇ ಅದೇ ಮಾತು ಬರುತ್ತೆ! ಸಿನಿಮಾ ಅಂತ ಓದು ಬಿಟ್ಟ ನನ್ನಂಥವನು ಆ ಮೇಷ್ಟ್ರನ್ನು ನೋಡಿ ನಗಬೇಕೋ ಅಳಬೇಕೋ ಹೇಳಿ.

ಒಬ್ಬನೇ ಹೀರೋ, ನಾಲ್ಕು ವೇಷ

ಬೆಂಗಳೂರಿನ ಪಾಸ್ತಾ ತಿಂದವರು ಇಲ್ಲಿ ಗಮನಿಸಿ. ರೋಮಿನ ಪಾಸ್ತಾ ನಾಲ್ಕು. ಕುರಿ ಹಾಲಿನ ಪೆಕೊರೀನೋ ಚೀಸು, ಕರಿಮೆಣಸು... ಇಷ್ಟಿದ್ದರೆ ಕಾಚೋ ಎ ಪೆಪೆ. ಅದಕ್ಕೆ ಹಂದಿಯ ಕೆನ್ನೆಮಾಂಸ ಸೇರಿದರೆ ಗ್ರೀಚಾ. ಗ್ರೀಚಾಗೆ ಟೊಮ್ಯಾಟೋ ಬಿದ್ದರೆ ಅಮಾತ್ರಿಚಾನಾ. ಟೊಮ್ಯಾಟೋ ಬಿಟ್ಟು ಮೊಟ್ಟೆ ಹಾಕಿದರೆ ಕಾರ್ಬೊನಾರಾ. ಒಬ್ಬನೇ ಹೀರೋ, ನಾಲ್ಕು ವೇಷ! ಕೆನೆ ಅನ್ನೋದು ಯಾವುದಕ್ಕೂ ಇಲ್ಲ. ನಮ್ಮ ಕಡೆ ಕೆನೆ ಸುರಿದು ಕೊಡೋದನ್ನು ಹೇಳಿದರೆ ಬಾಂಗ್ಲಾ ಹುಡುಗ ಕೆನ್ನೆ ಕೆನ್ನೆ ಬಡಿದುಕೊಂಡ.

ಅಮಾತ್ರಿಚಾನಾ ಬಂದದ್ದು ಬೆಟ್ಟದ ಊರು ಅಮಾತ್ರಿಚೆಯಿಂದ. 2016ರ ಆಗಸ್ಟ್ 24ರ ಭೂಕಂಪದಲ್ಲಿ ಆ ಊರು ನೆಲಸಮವಾಯ್ತು. ಸುತ್ತಮುತ್ತ ಸುಮಾರು 300 ಜನ ಸತ್ತರು. ಆಗ ಎಷ್ಟೋ ಹೋಟೆಲುಗಳು ಆ ಪಾಸ್ತಾದ ಒಂದೊಂದು ಪ್ಲೇಟಿಗೂ ಇಷ್ಟು ಅಂತ ದುಡ್ಡು ತೆಗೆದು ಸಂತ್ರಸ್ತರಿಗೆ ಕಳಿಸಿದವು. ಊಟದ ಋಣ ತೀರಿಸೋದು ಅಂದ್ರೆ ಇದು!

ನನ್ನ ಪ್ಲೇಟು ಬಂತು. ನೋಡೋಕೆ ನಮ್ಮ ಒತ್ತುಶಾವಿಗೆಗಿಂತ ಸ್ವಲ್ಪ ದಪ್ಪ. ಎಣ್ಣೆ ಇಲ್ಲ, ಬೆಣ್ಣೆ ಇಲ್ಲ, ಆದರೂ ಹೊಳೀತಿದೆ. ಗುಟ್ಟು ಪಾಸ್ತಾ ಬೇಯಿಸಿದ ನೀರಿನಲ್ಲಿದೆಯಂತೆ. ಅದರಲ್ಲಿ ಗಂಜಿ ಬಿಟ್ಟಿರುತ್ತೆ. ಹುರಿದು ಕುಟ್ಟಿದ ಮೆಣಸಿಗೆ ಆ ನೀರು, ಅದಕ್ಕೆ ಇನ್ನೂ ಸ್ವಲ್ಪ ಗಟ್ಟಿ ಇರುವಾಗಲೇ ತೆಗೆದ ಪಾಸ್ತಾ. ಒಲೆಯಿಂದ ಇಳಿಸಿದ ಮೇಲೆ ಚೀಸು ಹಾಕಿ ಬಿಡದೆ ತಿರುವಬೇಕು. ಬಿಸಿ ಹೆಚ್ಚಾದರೆ ಚೀಸು ಗಂಟು ಗಂಟು! "ಒಂದು ತಿಂಗಳು ಹಾಳು ಮಾಡಿದೆ ಭಾಯ್, ಮಾಲೀಕನ ತಾಯಿ ಬೈದು ಬೈದು ಕಲಿಸಿದಳು" ಅಂದ ಹುಡುಗ. ಮೂರೇ ಸಾಮಾನಿನ ಅಡುಗೆ, ಸುಲಭ ಅಂದುಕೊಂಡರೆ ಕೆಟ್ಟಿರಿ.

ತಿನ್ನೋಕೆ ಹೊರಟರೆ ಶಾವಿಗೆ ಫೋರ್ಕಿನಿಂದ ಜಾರಿ ಜಾರಿ ಬೀಳುತ್ತೆ. ಪಕ್ಕದ ಟೇಬಲ್ಲಿನಲ್ಲಿ ಭಾನುವಾರದ ಸಂಸಾರ: ಅಜ್ಜ, ಅಪ್ಪ ಅಮ್ಮ, ಏಳೆಂಟು ವರ್ಷದ ಹುಡುಗ. ಹುಡುಗ ತಿರುಗಿ ತಿರುಗಿ ನನ್ನನ್ನೇ ನೋಡ್ತಿದ್ದಾನೆ. ಸೀನು ಅದೇ, ಬ್ರೂನೋ ಜಾಗದಲ್ಲಿ ನಾನು! ಆದರೆ ಈ ಹುಡುಗ ಚಿತ್ರದ ಹುಡುಗನ ಹಾಗೆ ಮೂಗು ಮುರಿಯಲಿಲ್ಲ. ತನ್ನ ಫೋರ್ಕು ಎತ್ತಿ ತೋರಿಸಿದ. ನಾಲ್ಕೇ ಎಳೆ ಹಿಡಿ, ತಟ್ಟೆಯ ಅಂಚಿಗೆ ಒತ್ತು, ತಿರುಗಿಸು. ನಾನೂ ತಿರುಗಿಸಿದೆ. ಬಂತು! ಹುಡುಗ ಚಪ್ಪಾಳೆ ತಟ್ಟಿದ. ಅವರಜ್ಜ ನಕ್ಕು ನನ್ನ ಕಡೆ ಗ್ಲಾಸು ಎತ್ತಿದರು. ನಾನೂ ನನ್ನ ಕಾಲು ಲೀಟರು ಹೂಜಿಯಿಂದ ಒಂದು ಗುಟುಕು... ಸಂಪಾದಕರು ಕ್ಷಮಿಸಬೇಕು!

ರುಚಿ? ಮೆಣಸಿನ ಖಾರ ಮೂಗಿಗೆ ಹತ್ತುತ್ತೆ, ಚೀಸಿನ ಉಪ್ಪು ನಾಲಗೆಗೆ ಹಿಡಿಯುತ್ತೆ. ಎರಡನೇ ತುತ್ತಿಗೆ ಇನ್ನೇನೂ ಬೇಡ ಅನ್ನಿಸಿತು. ಆರ್ಟಿಚೋಕು ಬೆಳ್ಳುಳ್ಳಿ ಪುದೀನ ತುಂಬಿ ಎಣ್ಣೆಯಲ್ಲಿ ಬೇಯಿಸಿದ ದೊಡ್ಡ ಹೂಮೊಗ್ಗು, ನಮ್ಮ ಬಾಳೆಹೂವಿನ ನೆಂಟ. ಕೊನೆಗೆ ತಟ್ಟೆಯಲ್ಲಿ ಉಳಿದ ಗಸಿಯನ್ನು ಬ್ರೆಡ್ಡಿನ ತುಂಡಿನಿಂದ ಒರೆಸಿ ತಿನ್ನಬೇಕು. ಅದಕ್ಕೆ ಅವರು 'ಪುಟ್ಟ ಬೂಟು' ಅಂತಾರೆ. ಮುದ್ದೆ ತುತ್ತಿನಲ್ಲಿ ತಟ್ಟೆ ಬಳಿದವನಿಗೆ ಇದನ್ನು ಯಾರಾದರೂ ಕಲಿಸಬೇಕೆ? ಸರ್ವರ್ ನನ್ನ ತಟ್ಟೆ ನೋಡಿ ಬೆನ್ನು ತಟ್ಟಿದ!

ಬಿಲ್ಲು!

ಅರ್ಧ ಪ್ಲೇಟು 7, ಆರ್ಟಿಚೋಕು 6, ಬ್ರೆಡ್ಡು 2, ನೀರು 2, ವೈನು 3. ಒಟ್ಟು 20 ಯೂರೋ. ಒಂದು ಯೂರೋಗೆ ಸುಮಾರು ನೂರು ರೂಪಾಯಿ ಹಿಡಿದರೆ 2,000!

ಟೇಬಲ್ಲಿನ ಮೇಲಿನ ಕಾಗದದ ಮೇಲೆ ನನಗೇ ಗೊತ್ತಿಲ್ಲದೆ ಪೆನ್ನು ತೆಗೆದು ಲೆಕ್ಕ ಹಾಕೋಕೆ ಶುರು ಮಾಡಿದ್ದೆ. ಅಪ್ಪ ಎಷ್ಟು ಮೂಟೆ ಹೊತ್ತರೆ ಇಷ್ಟು ಬರುತ್ತೆ? ನನಗೆ ಬರಬೇಕಾದ ಬಾಟಾ ಎಷ್ಟು? ಅವತ್ತು ರಾತ್ರಿ ಎರಡು ಮುದ್ದೆ, ಬೋಟಿ ಗೊಜ್ಜಿಗೆ ಎಷ್ಟಾಗಿತ್ತು? ಆ ಕೊನೇ ಲೆಕ್ಕ ಮಾತ್ರ ನನಗೆ ಗೊತ್ತಿರಲಿಲ್ಲ. ಯಾವತ್ತೂ ಕೇಳಿರಲಿಲ್ಲ.

ಬೆಲೆ ಹೆಚ್ಚಾಯ್ತು ಅಂತ ನಾನು ದೂರುತ್ತಿಲ್ಲ. ಆ ಊರಿಗೆ ಅದು ಸಾಧಾರಣ ಊಟ. ದುಡ್ಡಿರುವವನಿಗೆ ಹೋಟೆಲು ಅಂದ್ರೆ ಊಟ. ಇಲ್ಲದವನಿಗೆ ಅದು ಒಂದು ಗಂಟೆಯ ಮರ್ಯಾದೆ. ಆ ಒಂದು ಗಂಟೆ ನೀನೂ ಎಲ್ಲರಂತೆ ಕುರ್ಚಿಯಲ್ಲಿ ಕೂರ್ತೀಯ, ನಿನ್ನ ಮುಂದೂ ತಟ್ಟೆ ಬರುತ್ತೆ. ಆಮೇಲೆ ಬಿಲ್ಲು ಬರುತ್ತೆ. ದೆ ಸಿಕಾ ತೋರಿಸಿದ್ದು ಇದೇ. ನಮ್ಮಪ್ಪ ಯಾವ ಪಿಕ್ಚರ್ರೂ ನೋಡದೆ ಮಾಡಿದ್ದೂ ಇದೇ. ಹೊಡೆದ ಕೈಯಲ್ಲೇ ಆ ಮರ್ಯಾದೆಯನ್ನು ನನಗೆ ಕೊಡಿಸಿದ. ತನಗೆ ಅಂತ ಟೀ ಮಾತ್ರ ಉಳಿಸಿಕೊಂಡ.

ಹೊರಗೆ ಬಂದು ಫೋನು ಮಾಡಿದೆ. ಊರಲ್ಲಿ ಸಂಜೆ ಆರು.

"ಏನ್ಲಾ, ಉಂಡ್ಯಾ?"

"ಉಂಡೆ ಕಣಪ್ಪ."

"ಏನ್ ಉಂಡೆ?"

"ಶಾವಿಗೆ."

"ಅಲ್ಲೂ ಶಾವಿಗೇನಾ! ಎಷ್ಟು ತಗೊಂಡ್ರು?"

"ಯೂನಿಟ್‌ನೋರೇ ಕೊಡ್ಸಿದ್ರು ಕಣಪ್ಪ."

ಸುಳ್ಳು. ಅಪ್ಪ ಒಂದು ಕ್ಷಣ ಸುಮ್ಮನಿದ್ದು "ಹೊಟ್ಟೆ ತುಂಬಾ ಉಣ್ಣು" ಅಂದ. "ಹಸಿವಿಲ್ಲ" ಅಂತ ಅವತ್ತು ಅವನು ನನಗೆ ಹೇಳಿದ ಸುಳ್ಳಿಗೆ ನಾನು ಕೊಟ್ಟ ಬದಲು ಇದು ಅಂತ ಇಟ್ಟುಕೊಳ್ಳಿ.

ಓದುಗ ಮಿತ್ರರೇ, ಈ ಸಲ ನಿಮಗೆ ಗಾಸಿಪ್ ಇಲ್ಲ. 'ಬೈಸಿಕಲ್ ಥೀವ್ಸ್' ನೋಡಿ. ಒಂದೂವರೆ ಗಂಟೆಯ ಪಿಕ್ಚರ್ರು, ನಿದ್ದೆ ಬರಲ್ಲ, ನಾನು ಗ್ಯಾರಂಟಿ. ರೋಮಿಗೆ ಹೋಗುವ ಯೋಗ ಬಂದರೆ ಫೋಟೋ ಮೆನು ಇಲ್ಲದ ಹೋಟೆಲಿಗೆ ಹೋಗಿ. ಪಿಜ್ಜಾ ಕೇಳಬೇಡಿ. ತಟ್ಟೆ ಬಳಿದು ತಿನ್ನಿ.

ಬಾಕಿ ಬಾಟಾ? ಇನ್ನೂ ಬಂದಿಲ್ಲ! ಊರಿಗೆ ಬಂದ ಮಾರನೇ ವಾರ ಅಪ್ಪನನ್ನು ಮಾರ್ಕೆಟ್ಟಿನ ಹಿಂದಿನ ಅದೇ ಮಿಲಿಟರಿ ಹೋಟೆಲಿಗೆ ಕರೆದುಕೊಂಡು ಹೋದೆ. ಅಪ್ಪನಿಗೆ ಎರಡು ಮುದ್ದೆ, ಬೋಟಿ ಗೊಜ್ಜು. ನನಗೂ ಅದೇ. "ನಂಗೆ ಹಸಿವಿಲ್ಲ" ಅಂತ ಈ ಸಲ ಇಬ್ಬರೂ ಹೇಳಲಿಲ್ಲ.